ರೂಬಿಕಾನ್: ಮುಚ್ಚದೆ ಉಳಿದ ಬಂಡೆದಾರಿ

ಲೂನ್ ಲೇಕ್ ಅಣೆಕಟ್ಟಿನ ಪಕ್ಕದಲ್ಲಿ ಡಾಂಬರು ಮುಗಿಯುತ್ತದೆ. ಮುಂದೆ ಕಣ್ಣು ಹಾಯುವಷ್ಟು ದೂರ ಬೂದುಬಿಳಿ ಗ್ರಾನೈಟ್ ಹಾಸು. ಅದರ ಬಿರುಕುಗಳಲ್ಲಿ ಬೇರು ತೂರಿಸಿ ನಿಂತ ಒಂದೊಂದು ಜುನಿಪರ್ ಮರ. ಹಾಸಿನ ಮೇಲೆ ಟೈರುಗಳು ಉಜ್ಜಿ ಉಜ್ಜಿ ಮೂಡಿಸಿದ ಕಪ್ಪು ಗೆರೆ. ಆ ಗೆರೆ ಹಿಡಿದು ಹೋದರೆ ಅದೇ ರೂಬಿಕಾನ್ ದಾರಿ.

ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ, ಸಿಯೆರಾ ನೆವಾಡಾ ಪರ್ವತಸಾಲಿನಲ್ಲಿ ಸುಮಾರು 6,400 ಅಡಿ ಎತ್ತರದ ಜಾಗ ಇದು. ಇಲ್ಲಿಂದ ಬೆಟ್ಟ ಹತ್ತಿಳಿದು ಟಾಹೋ ಸರೋವರದ ಪಶ್ಚಿಮ ದಡದ ಟಹೋಮಾ ಸೇರಬೇಕು. ಇಡೀ ರೂಬಿಕಾನ್ ದಾರಿ ಸುಮಾರು 35 ಕಿ.ಮೀ. ಉದ್ದ. ಅದರಲ್ಲಿ ನಿಜವಾದ ಬಂಡೆದಾರಿ 19 ಕಿ.ಮೀ. ಮಾತ್ರ. ಅಷ್ಟನ್ನು ದಾಟುವುದಕ್ಕೆ ಹೆಚ್ಚಿನವರು ಎರಡು ದಿನ ತೆಗೆದುಕೊಳ್ಳುತ್ತಾರೆ. ಜೀಪು ಕಾಲ್ನಡಿಗೆಗಿಂತ ನಿಧಾನ. ಹಾಗಾಗಿ ನಾನು ಬಹುಪಾಲು ಗಾಡಿಯ ಮುಂದೆ ನಡೆದೇ ಬಂದೆ. ಈ ದಾರಿಯನ್ನು ನೋಡಲು ಅದೇ ಒಳ್ಳೆಯ ಕ್ರಮ.

ನನ್ನನ್ನು ಕರೆದುಕೊಂಡು ಬಂದವನು ತೀರ್ಥಹಳ್ಳಿ ಕಡೆಯ ಹುಡುಗ. ಈಗ ಸ್ಯಾಕ್ರಮೆಂಟೊ ಹತ್ತಿರದ ಫಾಲ್ಸಮ್‌ನಲ್ಲಿ ಕೆಲಸ. ಊರಿನಲ್ಲಿ ಅಪ್ಪನ ಹಳೇ ಜೀಪಿನಲ್ಲಿ ಅಡಿಕೆ ಮೂಟೆ ಸಾಗಿಸಿ ಪಳಗಿದ ಕೈ ಅವನದು. ಡಾಂಬರು ಮುಗಿದ ಕೂಡಲೇ ಅವನು ಗಾಡಿ ನಿಲ್ಲಿಸಿ ಇಳಿದ. "ಅಕ್ಕ, ಒಂದೈದು ನಿಮಿಷ ತಡೀರಿ, ಗಾಳಿ ಇಳಿಸ್ತೀನಿ" ಅಂದ. ರಸ್ತೆಯ ಮೇಲೆ 35 ಪಾಯಿಂಟ್ ಇದ್ದ ಟೈರಿನ ಗಾಳಿಯನ್ನು 15ರ ಆಸುಪಾಸಿಗೆ ಇಳಿಸಿದ. ಗಾಳಿ ಕಡಿಮೆಯಾದ ಟೈರು ಅಗಲಗೊಂಡು ಬಂಡೆಯನ್ನು ತಬ್ಬಿ ಹಿಡಿಯುತ್ತದೆ. ಚಕ್ರ ಜಾರಿ ಗಿರ್ರನೆ ತಿರುಗುವುದು ನಿಲ್ಲುತ್ತದೆ. ಗಾಡಿಗೆ ಅದರಿಂದ ಎಷ್ಟು ಲಾಭವೋ ನೆಲಕ್ಕೂ ಅಷ್ಟೇ ಲಾಭ. ನಿಂತಲ್ಲೇ ಸುತ್ತುವ ಚಕ್ರ ಒಂದೇ ನಿಮಿಷದಲ್ಲಿ ಮೊಳಕಾಲುದ್ದ ಗುಂಡಿ ತೋಡುತ್ತದೆ. ಮುಂದಿನ ಹಿಮ ಕರಗಿದಾಗ ಆ ಗುಂಡಿಯ ಮಣ್ಣೆಲ್ಲ ಕೆಳಗಿನ ಹೊಳೆಯ ಪಾಲು. ಜವಾಬ್ದಾರಿಯಿಂದ ಓಡಿಸುವುದು ಇಲ್ಲಿಂದಲೇ, ಗಾಳಿ ಇಳಿಸುವ ಈ ಐದು ನಿಮಿಷದ ತಾಳ್ಮೆಯಿಂದಲೇ ಶುರುವಾಗುತ್ತದೆ.

ಆಮೇಲೆ ಅವನು ಹಿಂದಿನ ಬಾಗಿಲು ತೆಗೆದು ಸಾಮಾನು ತೋರಿಸಿದ. ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್‌ಗೆ ಮರದ ಆಸರೆ ಬೇಕಾದರೆ ತೊಗಟೆ ಸುಲಿಯದ ಹಾಗೆ ಸುತ್ತಲು ಅಂಗೈ ಅಗಲದ ಪಟ್ಟಿ. ಎಣ್ಣೆ ಸೋರಿದರೆ ಹೀರಿಕೊಳ್ಳುವ ಬಟ್ಟೆಗಳೂ ದಪ್ಪ ಚೀಲವೂ ಇರುವ ಸ್ಪಿಲ್ ಕಿಟ್. ಮತ್ತೆ ಒಂದು ಕಟ್ಟು ವ್ಯಾಗ್ ಬ್ಯಾಗ್. ಇದು ಶೌಚಕ್ಕೆ ಹೋಗಿ, ಮುಚ್ಚಿ, ಜೊತೆಗೇ ಹೊತ್ತೊಯ್ಯುವ ಚೀಲ. ಒಳಗಿನ ಪುಡಿ ತೇವವನ್ನು ಗಟ್ಟಿಮಾಡಿ ವಾಸನೆ ತಡೆಯುತ್ತದೆ. ಬೇಸಿಗೆಯಲ್ಲಿ ದಾರಿಯ ಬಾಯಲ್ಲಿ ಸ್ವಯಂಸೇವಕರು ಗೂಡಂಗಡಿಯಂಥ ಒಂದು ಮರೆಯಲ್ಲಿ ಕೂತು ಇಂಥ ಚೀಲಗಳನ್ನೂ ನಕ್ಷೆಯನ್ನೂ ಉಚಿತವಾಗಿ ಕೊಡುತ್ತಾರೆ. ಈ ಚೀಲದ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಅದು ನಡೆದ ಜಾಗ ಮುಂದೆ ಬರುತ್ತದೆ.

ಗ್ರಾನೈಟ್ ಹಾಸು ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕೆಳಗೆ ಎಡಬದಿಯಿಂದ ಇನ್ನೊಂದು ದಾರಿ ಬಂದು ಕೂಡುತ್ತದೆ. ಅದು ವೆಂಟ್‌ವರ್ತ್ ಸ್ಪ್ರಿಂಗ್ಸ್ ಕಡೆಯದು, ಹಳೆಯ ಮೂಲದಾರಿ. ಟಾಹೋ ಸುತ್ತಿನ ವಾಶೋ ಜನ ಮೊದಲಾದ ಮೂಲನಿವಾಸಿಗಳು ಈ ಬೆಟ್ಟಸಾಲನ್ನು ದಾಟಲು ನಡೆದ ಜಾಡುಗಳ ಮೇಲೆಯೇ ಮುಂದೆ ಚಿನ್ನ ಹುಡುಕುವವರು, ದನಗಾಹಿಗಳು, ಕುದುರೆ ಗಾಡಿಗಳು ಓಡಾಡಿದವು. ಎಲ್ ಡೊರಾಡೊ ಕೌಂಟಿಯ ಆಡಳಿತ ಮಂಡಳಿ 1887ರಲ್ಲಿ ಇದನ್ನು ಸಾರ್ವಜನಿಕ ರಸ್ತೆಯೆಂದು ಘೋಷಿಸಿತು. ಕೌಂಟಿಯೆಂದರೆ ನಮ್ಮ ಜಿಲ್ಲಾಡಳಿತ ಇದ್ದ ಹಾಗೆ.

ಆ ಒಂದು ನಿರ್ಣಯದ ಬೆಲೆ ಎಷ್ಟೆಂದು ಆಗ ಯಾರಿಗೂ ಗೊತ್ತಿದ್ದಿರಲಾರದು. ಅಮೆರಿಕದ ಸಂಸತ್ತು 1866ರಲ್ಲಿ ಮಾಡಿದ ಗಣಿ ಕಾನೂನಿನಲ್ಲಿ ಒಂದು ಸಣ್ಣ ಕಲಮು ಇತ್ತು. ಬೇರೆ ಉದ್ದೇಶಕ್ಕೆ ಕಾಯ್ದಿರಿಸದ ಸರ್ಕಾರಿ ನೆಲದ ಮೇಲೆ ಹೆದ್ದಾರಿ ಮಾಡಿಕೊಳ್ಳುವ ಹಕ್ಕನ್ನು ಅದು ಕೊಟ್ಟಿತ್ತು. 1976ರಲ್ಲಿ ಆ ಕಲಮು ರದ್ದಾಯಿತು. ಆದರೆ ಅದಕ್ಕೂ ಮೊದಲೇ ನೆಲೆಗೊಂಡ ದಾರಿಗಳ ಹಕ್ಕು ಹಾಗೇ ಉಳಿಯಿತು. ಸುತ್ತಲಿನ ಕಾಡು ಎಲ್ಡೊರಾಡೊ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು, ನಡುವಿನ ದಾರಿ ಮಾತ್ರ ಕೌಂಟಿಯದು. ಅಮೆರಿಕದ ಕಾಡುಗಳಲ್ಲಿ ಎಷ್ಟೋ ಜಾಡುಗಳು ಒಬ್ಬ ಅಧಿಕಾರಿಯ ಸಹಿಯಿಂದ ಮುಚ್ಚಿಹೋದವು. ರೂಬಿಕಾನಿಗೆ ಹಾಗಾಗದ ಕಾರಣಗಳಲ್ಲಿ ದಫ್ತರದಲ್ಲಿ ಉಳಿದ ಆ ಹಳೆಯ ಕಾಗದವೂ ಒಂದು.

ಕಾಗದವೊಂದೇ ಸಾಲದು ಎಂಬುದೂ ಇದೇ ದಾರಿಯಲ್ಲಿ ಗೊತ್ತಾಯಿತು. ಅದನ್ನು ಹೇಳುವ ಮೊದಲು ಜೀಪು ಇಲ್ಲಿಗೆ ಬಂದ ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದು ವಿಲ್ಲಿಸ್ ಜೀಪುಗಳು ಜನಸಾಮಾನ್ಯರ ಕೈಗೆ ಸಿಕ್ಕ ಕಾಲ. ಮರ ಕೊಯ್ದು ಬದುಕುತ್ತಿದ್ದ ಜಾರ್ಜ್‌ಟೌನ್ ಎಂಬ ಪುಟ್ಟ ಊರಿನವರು ತಮ್ಮ ಊರಿಗೆ ನಾಲ್ಕು ಜನ ಬರಲಿ ಎಂದು 1953ರ ಆಗಸ್ಟ್ ಕೊನೆಯಲ್ಲಿ ಜೀಪುಗಳ ಯಾತ್ರೆಯೊಂದನ್ನು ಹೊರಡಿಸಿದರು. 55 ಜೀಪು, 155 ಜನ ಸೇರಿದ್ದ, ಜೀಪರ್ಸ್ ಜಂಬೋರಿ ಎಂಬ ಆ ಯಾತ್ರೆಯ ಮುಂದಾಳುಗಳಲ್ಲಿ ಮಾರ್ಕ್ ಸ್ಮಿತ್ ಒಬ್ಬರು. ಮುಂದೆ ಅವರು ಖಂಡದುದ್ದಕ್ಕೂ ಜೀಪು ಯಾತ್ರೆ ನಡೆಸಿ ಹೆಸರಾದರು. 2014ರಲ್ಲಿ ತೀರಿಕೊಂಡರು. ಜೀಪು ಕಂಪನಿ ತನ್ನ ಗಟ್ಟಿಮುಟ್ಟಾದ ಮಾದರಿಗೆ 2003ರಿಂದ ರೂಬಿಕಾನ್ ಎಂಬ ಹೆಸರನ್ನೇ ಇಟ್ಟಿದೆ. ಅದೇ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಯಿಂದ ನಮ್ಮಲ್ಲಿ ಮಹೀಂದ್ರ ಜೋಡಿಸತೊಡಗಿತು. ಮಲೆನಾಡಿನ ತೋಟ, ಎಸ್ಟೇಟುಗಳ ದಾರಿಗೆ ಬಂದದ್ದೂ ಆ ವಂಶದ ಗಾಡಿಯೇ. ನನ್ನ ಜೊತೆಗಿದ್ದ ಹುಡುಗನ ಅಪ್ಪನ ಜೀಪೂ ಅದೇ ಕುಲದ್ದು.

ಎಲ್ಲಿಸ್ ತೊರೆ ಸಿಕ್ಕಿತು. ಹಿಂದೆ ಗಾಡಿಗಳು ನೀರಿಗೇ ಇಳಿದು ದಾಟುತ್ತಿದ್ದವು. ಈಗ ಸೇತುವೆ ಇದೆ. ಸೇತುವೆಯಿಂದ ಆಚೆ ಏರುದಾರಿಯಲ್ಲಿ ಅಲ್ಲಲ್ಲಿ ನೆಲವನ್ನು ಸ್ವಲ್ಪ ತಗ್ಗಿಸಿ, ಕೆಳಬದಿಗೆ ದಿಬ್ಬ ಎಬ್ಬಿಸಿ, ನೀರು ಪಕ್ಕಕ್ಕೆ ತಿರುಗಿ ಕಲ್ಲುರಾಶಿಯ ಮೇಲೆ ಸುರಿಯುವಂತೆ ಮಾಡಿದ್ದಾರೆ. ಹುಡುಗ ಗಾಡಿ ನಿಲ್ಲಿಸಿ ಕತ್ತು ಹೊರಗೆ ಹಾಕಿ, "ಇದು ನಮ್ಮನೆ ಗುಡ್ಡದ ರಸ್ತೆ ಅಡ್ಡ ಚರಂಡಿನೇ ಅಕ್ಕ. ಮಳೆಗಾಲಕ್ಕೆ ಮುಂಚೆ ಅಪ್ಪ ಹಾರೆ ಹಿಡ್ಕಂಡು ಬಿಡ್ಸೋದು ಇದನ್ನೇ" ಅಂದ. ಸರಿಯಾಗಿಯೇ ಗುರುತಿಸಿದ್ದ. ಇಳಿಜಾರಿನ ದಾರಿಗೆ ದೊಡ್ಡ ಶತ್ರು ಚಕ್ರದ ಜಾಡಿನಲ್ಲೇ ಹರಿಯಲು ಕಲಿತ ನೀರು. ಒಮ್ಮೆ ಜಾಡು ಹಿಡಿದ ನೀರು ವರ್ಷದಿಂದ ವರ್ಷಕ್ಕೆ ಅದನ್ನು ಕೊರಕಲು ಮಾಡುತ್ತದೆ. ಕೊರಕಲಾದ ದಾರಿಯಲ್ಲಿ ಹೋಗಲಾರದವನು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾನೆ. ಹೀಗೆ ಒಂದು ದಾರಿ ಮೂರಾಗುತ್ತದೆ, ಮೂರೂ ಕೆಡುತ್ತವೆ.

ಈ ಪಕ್ಕದ ಜಾಡುಗಳ ವಿಷಯಕ್ಕೇ ಅಮೆರಿಕದಲ್ಲಿ ಅರ್ಧ ಶತಮಾನದ ಜಗಳ ನಡೆದಿದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ, ಸಾರ್ವಜನಿಕ ನೆಲದಲ್ಲಿ ಇಂಥ ಗಾಡಿಗಳು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಗೊತ್ತುಮಾಡುವಂತೆ ಇಲಾಖೆಗಳಿಗೆ ಹೇಳಿತು. 1977ರಲ್ಲಿ ಕಾರ್ಟರ್ ಅದನ್ನು ಬಿಗಿಗೊಳಿಸಿದರು. 2005ರಲ್ಲಿ ಅರಣ್ಯ ಸೇವೆ ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ಗಾಡಿ ದಾರಿಗಳ ನಕ್ಷೆ ಮಾಡಬೇಕೆಂಬ ನಿಯಮ ತಂದಿತು. ನಕ್ಷೆಯಲ್ಲಿ ಇರುವ ದಾರಿ ತೆರೆದದ್ದು, ಇಲ್ಲದ್ದು ಮುಚ್ಚಿದ್ದು. ನಕ್ಷೆ ಉಚಿತವಾಗಿ ಸಿಗುತ್ತದೆ. ಎಲ್ಡೊರಾಡೊ ಅರಣ್ಯ 2008ರಲ್ಲಿ ತನ್ನ ತೀರ್ಮಾನ ಪ್ರಕಟಿಸಿತು. ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಎತ್ತರದ ಜೌಗು ಹುಲ್ಲುಗಾವಲುಗಳನ್ನು ದಾಟುವ ಹಲವು ಜಾಡುಗಳನ್ನು ಅದರಿಂದಾಗಿ ಮುಚ್ಚಬೇಕಾಗಿ ಬಂತು. ಅವುಗಳ ಮೇಲೆ ಓಡಾಡಿ ಅಭ್ಯಾಸವಿದ್ದವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಹಿಮದ ನೀರನ್ನು ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಸಣ್ಣಗೆ ಬಿಡುವ ಹುಲ್ಲುಗಾವಲಿನ ಮೇಲೆ ಒಂದು ಟೈರಿನ ಗೆರೆ ಬಿದ್ದರೆ ಅದೇ ಕಾಲುವೆಯಾಗಿ ನೀರೆಲ್ಲ ಬಸಿದುಹೋಗುತ್ತದೆ. ಅಂಥ ಕಡೆ ದಾರಿ ಬೇರೆ ಕಡೆಗೆ ತಿರುಗಿಸಬೇಕು, ಆಗದಿದ್ದರೆ ಮುಚ್ಚಲೇಬೇಕು. ಕಾಡುದಾರಿಗಳು ತೆರೆದಿರಬೇಕೆಂದು ಬಯಸುವವರು ಮೊದಲು ಒಪ್ಪಬೇಕಾದದ್ದು ಇದನ್ನು ಎಂದು ನನ್ನ ಅಭಿಪ್ರಾಯ. ಎಲ್ಲವೂ ತೆರೆದಿರಲಿ ಎನ್ನುವವನ ಮಾತಿಗೆ ಯಾವ ನ್ಯಾಯಾಧೀಶನೂ ಕಿವಿಗೊಡುವುದಿಲ್ಲ.

ದಾರಿಯ ದಕ್ಷಿಣಕ್ಕೆ ದೃಷ್ಟಿ ಹಾಯಿಸಿದರೆ ಕಾಣುವ ಬೋಳು ಶಿಖರಗಳು ಡೆಸೊಲೇಷನ್ ವಿಲ್ಡರ್ನೆಸ್‌ಗೆ ಸೇರಿದವು. 1969ರಿಂದ ಅದು ಕಾನೂನಿನಿಂದ ಕಾಯ್ದ ಕಾಡು. ಮೋಟಾರು ಹೋಗಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಎಂಜಿನ್ನಿನ ಸದ್ದು, ಇನ್ನೊಂದು ಮಗ್ಗುಲಲ್ಲಿ ಕಾಲುನಡಿಗೆ. ಎರಡೂ ಅಕ್ಕಪಕ್ಕ ಇರುವುದು ನನಗೆ ಸರಿಯೆನಿಸಿತು. ಗಾಡಿಯಲ್ಲಿ ಬರುವವರ ನಡುವೆ ಮೊಣಕಾಲು ಸವೆದ ಅಜ್ಜಂದಿರಿದ್ದರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಅಮ್ಮಂದಿರಿದ್ದರು. ಹತ್ತಾರು ಕೆ.ಜಿ. ಬೆನ್ನಿಗೆ ಕಟ್ಟಿ ನಡೆಯಲಾರದವರಿಗೂ ಬೆಟ್ಟದ ನಡುಮನೆ ಕಾಣಬೇಕು.

ವಾಕರ್ ಹಿಲ್ ಹತ್ತಿ, ಸೂಪ್ ಬೌಲ್ ಎಂಬ ಬಟ್ಟಲಿನಂಥ ಬಂಡೆಗುಂಡಿಯ ಪಕ್ಕದಲ್ಲಿ ಸರಿದು ಬಂದರೆ ಲಿಟಲ್ ಸ್ಲೂಸ್. ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟು ಓಣಿ. ಒಂದು ಕಾಲದಲ್ಲಿ ಸಾಧಾರಣ ಜೀಪು ಹೋಗುತ್ತಿದ್ದ ಈ ಓಣಿಯೊಳಗೆ ಬರಬರುತ್ತಾ ಕಾರಿನಷ್ಟು ದೊಡ್ಡ ಗುಂಡುಗಳು ಬಂದು ಸೇರಿದವು. ಅವುಗಳ ಮೇಲೆ ಹತ್ತಿಸಿ ತೋರಿಸುವುದೇ ಒಂದು ಪಂದ್ಯವಾಯಿತು. ಗೋಡೆಯ ಮೇಲೆ ನೂರಾರು ಜನ ಕೂತು ಕೇಕೆ ಹಾಕುತ್ತಿದ್ದರಂತೆ. ಮುರಿದ ಆಕ್ಸಲ್‌ಗಳಿಂದ ಎಣ್ಣೆ ಸೋರುತ್ತಿತ್ತು. ಹತ್ತಿಸಲಾರದವರು ಸುತ್ತಲಿನ ಮರಗಳ ನಡುವೆ ನುಗ್ಗಿ ಹೊಸ ಜಾಡು ಮಾಡುತ್ತಿದ್ದರು. ಕೊನೆಗೆ 2012ರಲ್ಲಿ ಕೌಂಟಿ ಆ ಗುಂಡುಗಳನ್ನು ಒಡೆಸಿತು. ಹಳೆಯ ಆಟಗಾರರಲ್ಲಿ ಹಲವರಿಗೆ ಇದು ಸಹಿಸಲಾಗದ ನೋವು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಒಡೆಸಿದ್ದೇ ಸರಿ. ಸಾರ್ವಜನಿಕ ರಸ್ತೆಯೆಂಬ ಹಕ್ಕಿನ ಮೇಲೆ ಉಳಿದ ದಾರಿ ಇದು. ರಸ್ತೆಯೆಂದಮೇಲೆ ಅದರಲ್ಲಿ ಜನ ದಾಟಿಹೋಗುವಂತಿರಬೇಕು. ದಾಟಲಾರದ ಹಾಗೆ ಮಾಡಿಕೊಂಡು ರಸ್ತೆಯ ಹಕ್ಕು ಕೇಳಲಾಗುವುದಿಲ್ಲ. ಒಡೆದ ಮೇಲೂ ಈ ಓಣಿ ಸುಲಭದ್ದಲ್ಲ. ಹುಡುಗ ಲೋ ರೇಂಜ್‌ಗೆ ಹಾಕಿ, ನಾನು ಮುಂದೆ ನಿಂತು ಕೈಸನ್ನೆ ಮಾಡಿ, ಒಂದೊಂದು ಚಕ್ರವನ್ನೂ ಕಲ್ಲಿನ ಮೇಲೆ ಇಟ್ಟು ಇಳಿಸುತ್ತಾ ಬಂದೆವು.

ಓಣಿಯಿಂದ ಸ್ವಲ್ಪ ಆಚೆ ಸ್ಪೈಡರ್ ಲೇಕ್. ಬಂಡೆಗಳ ಮಡಿಲಿನಲ್ಲಿ ತಿಳಿನೀರು, ನೀರಿನಲ್ಲಿ ಮೋಡ. ವ್ಯಾಗ್ ಬ್ಯಾಗಿನ ಕಥೆ ನಡೆದದ್ದು ಇಲ್ಲೇ.

ಲಿಟಲ್ ಸ್ಲೂಸ್ ನೋಡಲು ಬಂದವರೆಲ್ಲ ಈ ಕೆರೆಯ ಸುತ್ತ ಬಿಡಾರ ಹೂಡುತ್ತಿದ್ದರು. ಶೌಚಾಲಯ ಇರಲಿಲ್ಲ. ಗುಂಡಿ ತೋಡೋಣವೆಂದರೆ ಬಂಡೆಯ ಮೇಲೆ ಇರುವ ಮಣ್ಣು ಬೆರಳುದ್ದ. ಬೇರೆ ಕಾಡುಗಳಲ್ಲಿ ಒಂದು ಗೇಣು ಆಳದಲ್ಲಿ ಹೂತದ್ದನ್ನು ಮಣ್ಣಿನ ಜೀವಿಗಳು ಕರಗಿಸಿಬಿಡುತ್ತವೆ. ಇಲ್ಲಿ ಆ ಮಣ್ಣೂ ಇಲ್ಲ, ವರ್ಷದ ಬಹುಭಾಗ ಹಿಮ. ಏನು ಬಿಟ್ಟರೂ ಬಿಟ್ಟ ಹಾಗೆಯೇ ಇದ್ದು, ಹಿಮ ಕರಗಿದಾಗ ನೀರಿನೊಂದಿಗೆ ಹೊರಡುತ್ತದೆ. 2004ರ ಬೇಸಿಗೆಯಲ್ಲಿ ಕೌಂಟಿಯ ಆರೋಗ್ಯ ಇಲಾಖೆ ಜನಾರೋಗ್ಯದ ಕಾರಣಕ್ಕೆ ಈ ಕೆರೆಯ ಸುತ್ತ ಬಿಡಾರ ಹೂಡುವುದನ್ನು ನಿಷೇಧಿಸಿತು. 2009ರ ಏಪ್ರಿಲ್‌ನಲ್ಲಿ ರಾಜ್ಯದ ಮಧ್ಯಕಣಿವೆ ಪ್ರಾದೇಶಿಕ ನೀರಿನ ಗುಣಮಟ್ಟ ಮಂಡಳಿ ಕೌಂಟಿಗೂ ಅರಣ್ಯ ಸೇವೆಗೂ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಕೊಚ್ಚಿಹೋಗುವ ಮಣ್ಣು, ಸೋರುವ ಎಣ್ಣೆ, ಮನುಷ್ಯರ ಮಲ, ಈ ಮೂರಕ್ಕೂ ವ್ಯವಸ್ಥೆ ಮಾಡಿ ಎಂದು.

ಈ ನೀರು ಎಲ್ಲಿಗೆ ಹೋಗುತ್ತದೆಂದು ಹುಡುಗನನ್ನು ಕೇಳಿದೆ. ಅವನು ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದ. ಈ ಬೆಟ್ಟಗಳ ನೀರು ಕೊಳವೆ, ಜಲಾಶಯ, ಹೊಳೆ ಎಂದು ಇಳಿದು ಅಮೆರಿಕನ್ ನದಿ ಸೇರುತ್ತದೆ, ಆ ನದಿ ಫಾಲ್ಸಮ್ ಜಲಾಶಯ ಸೇರುತ್ತದೆ. "ನಮ್ಮನೆ ನಲ್ಲೀಲಿ ಬರೋದು ಇದೇ ನೀರು ಅಕ್ಕ" ಅಂದ. ನೀರಿನ ಮಂಡಳಿಯ ಆದೇಶವನ್ನು ಗಾಡಿಯವರ ಮೇಲಿನ ದಾಳಿಯೆಂದು ಆಗ ಕೆಲವರು ಬಗೆದಿದ್ದರು. ಆ ಹುಡುಗನ ಬೆರಳು ನಕ್ಷೆಯ ಮೇಲೆ ಇಳಿದ ದಾರಿ ನೋಡಿದವರು ಯಾರೂ ಹಾಗೆ ಬಗೆಯಲಾರರು.

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ. ದಾರಿ ಮುಚ್ಚುವ ಮಾತು ಬಂದಾಗ ಗಾಡಿಯವರು ಎರಡರಲ್ಲಿ ಒಂದು ಕೆಲಸ ಮಾಡಬಹುದಿತ್ತು. 1887ರ ಕಾಗದ ಹಿಡಿದು ಹಕ್ಕು ಹಕ್ಕೆಂದು ಕೂಗಬಹುದಿತ್ತು, ಅಥವಾ ಹಾರೆ ಹಿಡಿಯಬಹುದಿತ್ತು. ಹಾರೆ ಹಿಡಿಯುವವರ ಗುಂಪೊಂದು 2001ರಲ್ಲೇ ಹುಟ್ಟಿತ್ತು. ಅದರ ಹೆಸರು ಫ್ರೆಂಡ್ಸ್ ಆಫ್ ದಿ ರೂಬಿಕಾನ್. ಬೇರೆ ಬೇರೆ ಕ್ಲಬ್ಬುಗಳ, ಬೇರೆ ಬೇರೆ ಊರುಗಳ ಜೀಪಿನವರು ಸೇರಿ ಕಟ್ಟಿದ ಕೂಟ. ಆಮೇಲೆ ಹಣ ಕೂಡಿಸಿ ಶಾಶ್ವತ ಕೆಲಸ ಮಾಡಲು ರೂಬಿಕಾನ್ ಟ್ರೇಲ್ ಫೌಂಡೇಷನ್ ಬಂತು. ಇವರು ಅಡ್ಡ ಚರಂಡಿ ತೋಡಿದರು, ಕಲ್ಲು ಹೊತ್ತರು, ಪಕ್ಕದ ಜಾಡುಗಳ ಬಾಯಿಗೆ ಮರದ ದಿಮ್ಮಿ ಅಡ್ಡ ಹಾಕಿದರು, ಕಸ ಹೆಕ್ಕಿದರು. ಅದಕ್ಕೂ ಬೇಸರದ ಇನ್ನೊಂದು ಕೆಲಸವಿತ್ತು. ಕೌಂಟಿಯ ಸಭೆಗಳಿಗೆ ಹೋಗಿ ಗಂಟೆಗಟ್ಟಲೆ ಕೂತರು, ನೂರಾರು ಪುಟಗಳ ಪರಿಸರ ವರದಿಗಳನ್ನು ಓದಿದರು, ಕೊಟ್ಟ ಗಡುವಿನೊಳಗೆ ಬರಹದಲ್ಲಿ ಅಭಿಪ್ರಾಯ ಸಲ್ಲಿಸಿದರು. ಬಂಡೆ ಹತ್ತಿಸುವುದಕ್ಕಿಂತ ಇದು ಕಷ್ಟ. ಫೋಟೊ ತೆಗೆದು ತೋರಿಸುವಂಥದ್ದೂ ಅಲ್ಲ.

ಹಣದ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಮಾಡಿಕೊಂಡ ಏರ್ಪಾಡು ತಿಳಿಯಬೇಕಾದದ್ದು. 1971ರ ಒಂದು ಕಾನೂನಿನಂತೆ ಇಂಥ ಗಾಡಿಗಳ ನೋಂದಣಿ ಶುಲ್ಕ, ಅವು ಸುಡುವ ಇಂಧನದ ತೆರಿಗೆಯ ಒಂದು ಪಾಲು ಪ್ರತ್ಯೇಕ ನಿಧಿಗೆ ಹೋಗುತ್ತದೆ. ದಾರಿಗಳ ದುರಸ್ತಿಗೆ, ಕೆಟ್ಟ ನೆಲ ಸರಿಪಡಿಸುವುದಕ್ಕೆ, ಕಾವಲಿಗೆ ಆ ನಿಧಿಯಿಂದ ಅನುದಾನ ಸಿಗುತ್ತದೆ. ಅನುದಾನ ಬೇಡುವ ಸ್ಥಳೀಯ ಆಡಳಿತ ತನ್ನ ಪಾಲನ್ನೂ ತೋರಿಸಬೇಕು. ಸ್ವಯಂಸೇವಕರು ದುಡಿದ ಗಂಟೆಗಳನ್ನು ಆ ಪಾಲಿನ ಲೆಕ್ಕಕ್ಕೆ ಹಿಡಿಯಬಹುದು. ಆದ್ದರಿಂದ ಶ್ರಮದಾನಕ್ಕೆ ಬಂದವರು ಮೊದಲು ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕಬೇಕು. ಒಬ್ಬಾತ ಒಂದು ಶನಿವಾರ ಕಲ್ಲು ಹೊತ್ತರೆ ಅವನ ಬೆವರು ಕೌಂಟಿಯ ಲೆಕ್ಕದಲ್ಲಿ ಹಣವಾಗಿ ಏರುತ್ತದೆ. ನನಗೆ ಇದು ಬಹಳ ಹಿಡಿಸಿತು. ಬಳಸುವವರೇ ತೆತ್ತು, ಬಳಸುವವರೇ ದುಡಿದು ಉಳಿಸಿಕೊಂಡದ್ದಕ್ಕೆ ಸಿಗುವ ಗಟ್ಟಿತನ ಬೇರೆಯೇ. 2012ರಲ್ಲಿ ಅರಣ್ಯ ಸೇವೆ ಈ ದಾರಿಯ ಮೇಲೆ ಕೌಂಟಿಗೆ ವಿಧಿವತ್ತಾಗಿ ಹಾದಿಹಕ್ಕು ಬರೆದುಕೊಡುವ ತೀರ್ಮಾನ ಮಾಡಿತು. ಸೇತುವೆಗಳು ಬಂದವು, ಶೌಚಾಲಯಗಳು ಬಂದವು, ನೆಲ ನೆನೆದು ಮೆತ್ತಗಾದಾಗ ತಾತ್ಕಾಲಿಕವಾಗಿ ಮುಚ್ಚುವ ಪದ್ಧತಿ ಬಂತು. ದಾರಿ ಉಳಿಯಿತು.

ಬಕ್ ಐಲ್ಯಾಂಡ್ ಕೆರೆಯ ದಡದಲ್ಲಿ ಊಟ ಮಾಡಿ ಬಿಗ್ ಸ್ಲೂಸ್ ಇಳಿಯತೊಡಗಿದೆವು. ಕಾಡು ದಟ್ಟವಾಗುತ್ತದೆ. ಜೆಫ್ರಿ ಪೈನ್ ಮರಗಳ ತೊಗಟೆಗೆ ಮೂಗು ತಾಗಿಸಿದರೆ ವೆನಿಲ್ಲಾದ ಪರಿಮಳ. ದಾರಿ ಮಾತ್ರ ಬಿಡಿಗುಂಡುಗಳ ಮೆಟ್ಟಿಲು. ಅಲ್ಲೊಂದು ತಂಡ ನಿಂತಿತ್ತು. ಮುಂದಿನ ಗಾಡಿಯ ಡಿಫರೆನ್ಷಿಯಲ್‌ನ ಮುಚ್ಚಳ ಕಲ್ಲಿಗೆ ತಾಗಿ ಸೀಳಿತ್ತು. ಕಪ್ಪೆಣ್ಣೆ ತೊಟ್ಟಿಕ್ಕುತ್ತಿತ್ತು. ಗಾಡಿ ರಿಪೇರಿ ಮಾಡುವುದಕ್ಕೂ ಮೊದಲು ಅವರು ಮಾಡಿದ ಕೆಲಸ ನೋಡಿ ನಿಂತುಬಿಟ್ಟೆ. ಒಬ್ಬ ಅಡಿಯಲ್ಲಿ ಬೋಗುಣಿ ಹಿಡಿದಿದ್ದ. ಇಬ್ಬರು ಕಲ್ಲಿನ ಮೇಲೆ ಹರಿದದ್ದನ್ನು ಹೀರುಬಟ್ಟೆಯಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು. ಇನ್ನೊಬ್ಬಳು ಎಣ್ಣೆ ಹಿಡಿದ ಮಣ್ಣನ್ನು ಕೈಗುದ್ದಲಿಯಿಂದ ಕೆರೆದು ಚೀಲಕ್ಕೆ ತುಂಬುತ್ತಿದ್ದಳು. ಹುಡುಗ ತನ್ನ ಕಿಟ್ ತೆಗೆದುಕೊಂಡು ಓಡಿದ. ಯಾರೂ ಯಾರಿಗೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟಾದ ಮೇಲೆ ಮುಚ್ಚಳಕ್ಕೆ ಅಂಟು ಮೆತ್ತುವ ಕೆಲಸ.

ಕತ್ತಲಾಗುವ ಮುಂಚೆ ರೂಬಿಕಾನ್ ನದಿಯ ಸೇತುವೆ ದಾಟಿ ರೂಬಿಕಾನ್ ಸ್ಪ್ರಿಂಗ್ಸ್ ತಲುಪಿದೆವು. ಎತ್ತರದ ಮರಗಳ ನಡುವೆ ಸಮತಟ್ಟಾದ ಜಾಗ, ಪಕ್ಕದಲ್ಲಿ ನದಿ. ಖಾಸಗಿ ನೆಲ, ಆದರೂ ಬಂದವರಿಗೆ ತಂಗಲು ಬಿಡುತ್ತಾರೆ. ಇಲ್ಲಿ ಖನಿಜಯುಕ್ತ ನೀರಿನ ಬುಗ್ಗೆಗಳಿವೆ. 19ನೇ ಶತಮಾನದಲ್ಲಿ ಹನ್‌ಸಕರ್ ಸೋದರರು ಆ ನೀರನ್ನು ಬಾಟಲಿಗೆ ತುಂಬಿ ಮಾರುತ್ತಿದ್ದರು. 1880ರ ದಶಕದಲ್ಲಿ ಒಬ್ಬ ಗಟ್ಟಿಗಿತ್ತಿ, ಸಿಯೆರಾ ಫಿಲಿಪ್ಸ್ ಕ್ಲಾರ್ಕ್, ಇಲ್ಲಿ ಗಾಜಿನ ಕಿಟಕಿಗಳ ಹೋಟೆಲು ನಡೆಸಿದಳು. ಟಾಹೋ ದಡದಿಂದ ಕುದುರೆ ಗಾಡಿಯಲ್ಲಿ ಗಿರಾಕಿಗಳು ಬರುತ್ತಿದ್ದರು. ನಾಳೆ ನಾವು ಹತ್ತಬೇಕಾದ ಏರನ್ನೇ ಅವರು ಇಳಿದು ಬರುತ್ತಿದ್ದರೆಂದು ನೆನೆದರೆ ಆ ಕುದುರೆಗಳ ಮೇಲೆ ಗೌರವ ಬರುತ್ತದೆ.

ಒಲೆ ಹಚ್ಚುವ ಮೊದಲು ಹುಡುಗ ಆ ವಾರದ ಬೆಂಕಿ ನಿಯಮ ಏನೆಂದು ಮತ್ತೊಮ್ಮೆ ನೋಡಿಕೊಂಡ. 2021ರಲ್ಲಿ ಇದೇ ಕೌಂಟಿಯಲ್ಲಿ ಹುಟ್ಟಿದ ಕಾಲ್ಡೋರ್ ಕಾಳ್ಗಿಚ್ಚು 2,20,000 ಎಕರೆಗೂ ಮಿಕ್ಕಿ ಸುಟ್ಟು, ಸಿಯೆರಾದ ನೆತ್ತಿಯನ್ನೇ ದಾಟಿ ಟಾಹೋ ಕಡೆಗೆ ಹಬ್ಬಿತ್ತು. ಇಡೀ ಅರಣ್ಯವನ್ನು ಮುಚ್ಚಿದ್ದರು. ಅಂಥ ವರ್ಷ ಕಂಡವರಿಗೆ ಬೆಂಕಿಯ ವಿಷಯದಲ್ಲಿ ಎರಡು ಮಾತಿಲ್ಲ.

ರಾತ್ರಿ ಅವನು ಕೊಡಚಾದ್ರಿಯ ಮಾತು ತೆಗೆದ. ಕೊಲ್ಲೂರು, ನಿಟ್ಟೂರು ಕಡೆಯಿಂದ 1,343 ಮೀಟರ್ ಎತ್ತರದ ಆ ಗುಡ್ಡಕ್ಕೆ ಊರಿನ ಜೀಪುಗಳು ಭಕ್ತರನ್ನೂ ಪ್ರವಾಸಿಗರನ್ನೂ ಹೊತ್ತು ಹತ್ತುವ ದಾರಿ ಕಂಡವರಿಗೆ ಈ ಬಂಡೆಮೆಟ್ಟಿಲು ಹೊಸದೆನಿಸುವುದಿಲ್ಲ. "ಅಲ್ಲಿನ ಡ್ರೈವರ್‌ಗಳನ್ನ ಇಲ್ಲಿಗೆ ಕರ್ಕಂಡು ಬಂದ್ರೆ ಮಾರಾಯ್ರೆ, ಬೀಡಿ ಸೇದ್ತಾ ದಾಟ್ಬಿಡ್ತಾರೆ" ಅಂದ. ನಿಜವೇ. ಆದರೆ ಕಾನೂನಿನ ನೆಲೆ ಬೇರೆ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಲ್ಲಿ ಅನುಮತಿಯಿಲ್ಲದೆ ಗಾಡಿ ಒಳಗೆ ಹೊಡೆಯುವ ಹಕ್ಕು ಯಾರಿಗೂ ಇಲ್ಲ, ಇರಬಾರದು ಕೂಡ. ನಮ್ಮ ಆಫ್‌ರೋಡ್ ಕ್ಲಬ್ಬುಗಳು ಸಕಲೇಶಪುರ, ಕೊಡಗಿನ ಕಾಫಿ ಎಸ್ಟೇಟುಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಓಡಿಸುವುದೇ ಸರಿಯಾದ ಕ್ರಮ. ಶೋಲಾ ಹುಲ್ಲುಗಾವಲಿನ ಮೇಲೆ ನಾಲ್ಕು ಚಕ್ರ ಹತ್ತಿಸಿ ವಿಡಿಯೊ ಹಾಕಿದವನು ತನ್ನ ಸಂತೋಷಕ್ಕಾಗಿ ಊರಿನ ಜೀಪಿನವನ ಅನ್ನಕ್ಕೆ ಕಲ್ಲು ಹಾಕುತ್ತಾನೆ. ಕಟ್ಟಳೆ ಬಿಗಿಯಾದಾಗ ಮೊದಲು ನಿಲ್ಲುವುದು ಆ ಜೀಪು. ಎಲ್ಲ ಕಡೆಯೂ ದಾರಿ ಮುಚ್ಚಿಸುವವನು ದಾರಿ ಬಿಟ್ಟು ಹೋದವನೇ. ಕೊಡಚಾದ್ರಿಯಂಥ ಕಡೆ ಗುಂಡಿ ತುಂಬುವುದು, ನೀರು ತಿರುಗಿಸುವುದು ಹೇಗೆಂದು ಆ ಡ್ರೈವರುಗಳಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರಲಾರದು. ಅರಣ್ಯ ಇಲಾಖೆ ಅವರನ್ನು ಎದುರು ಪಕ್ಷವೆಂದು ಕಾಣದೆ ಕೂರಿಸಿಕೊಂಡು ಕೇಳಿದರೆ, ರೂಬಿಕಾನಿನಿಂದ ನಾವು ತರಬಹುದಾದದ್ದರಲ್ಲಿ ಅದೇ ದೊಡ್ಡದು.

ಬೆಳಿಗ್ಗೆ ಕ್ಯಾಡಿಲ್ಯಾಕ್ ಹಿಲ್. ಹಿಂದೆಂದೋ ಇಲ್ಲಿ ಉರುಳಿಬಿದ್ದ ಕ್ಯಾಡಿಲ್ಯಾಕ್ ಕಾರಿನಿಂದ ಈ ಹೆಸರು ಬಂತೆನ್ನುತ್ತಾರೆ. ಒಂದು ಪಕ್ಕ ಬೇರು ಚಾಚಿದ ಗುಡ್ಡ, ಇನ್ನೊಂದು ಪಕ್ಕ ಪ್ರಪಾತ, ನಡುವೆ ಹಿಮ್ಮುರಿ ತಿರುವುಗಳ ಏರು. ಎದುರಿನಿಂದ ಗಾಡಿ ಬಂದರೆ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಒಂದು ತಿರುವಿನಲ್ಲಿ ಮೇಲಿನ ಗಾಡಿಯವನು ನಮ್ಮನ್ನು ಕಂಡು, ಹಿಂದಕ್ಕೆ ಸರಿದು ನಿಂತು, ಹಿಂದಿನಿಂದ ಇನ್ನೆಷ್ಟು ಗಾಡಿ ಬರುತ್ತಿವೆಯೆಂದು ಬೆರಳೆತ್ತಿ ತೋರಿಸಿದ. ನೆತ್ತಿಯ ಅಬ್ಸರ್ವೇಷನ್ ಪಾಯಿಂಟ್‌ನಲ್ಲಿ ನಿಂತರೆ ನಾವು ಬಂದ ಕಣಿವೆ ಪೂರ್ತಿ ಕಾಣುತ್ತದೆ. ದಾರಿ ಮಾತ್ರ ಕಾಣುವುದಿಲ್ಲ. ಸಾವಿರಾರು ಗಾಡಿ ಓಡಾಡುವ ದಾರಿ ಮೇಲಿನಿಂದ ನೋಡಿದರೆ ಮರೆಯಾಗಿರಬೇಕಾದರೆ ಜನ ಗೆರೆ ಬಿಟ್ಟು ಹೋಗಿಲ್ಲವೆಂದೇ ಅರ್ಥ.

ಅಲ್ಲಿಂದ ಮಿಲ್ಲರ್ ಲೇಕ್, ಮೆಕಿನ್ನಿ ಲೇಕ್ ಬದಿಯಲ್ಲಿ ಇಳಿಯುವ ಧೂಳುದಾರಿ ಪ್ಲೇಸರ್ ಕೌಂಟಿಯದು. ಬಂಡೆ ಕಡಿಮೆ, ಕೆಸರು ಹೆಚ್ಚು. ಟಹೋಮಾದಲ್ಲಿ ದಾರಿ ಮನೆಗಳ ನಡುವೆ ಬಂದು ಮುಗಿಯುತ್ತದೆ. ಮಕ್ಕಳು ಆಡುವ ಬೀದಿ. ಹುಡುಗ ಹಾಡು ನಿಲ್ಲಿಸಿ, ನಡಿಗೆಯ ವೇಗಕ್ಕೆ ಇಳಿಸಿದ.

ಹೋಗಬೇಕೆನ್ನುವವರಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಅದಕ್ಕೆ ಮುಂಚೆ ಹಿಮ ಉಳಿದಿರುತ್ತದೆ, ನೆಲ ಮೆತ್ತಗಿರುತ್ತದೆ. ಒಂಟಿ ಗಾಡಿಯಲ್ಲಿ ಹೋಗಬಾರದು. ಹೊರಡುವ ಹಿಂದಿನ ದಿನ ಎಲ್ ಡೊರಾಡೊ ಕೌಂಟಿಯನ್ನು ವಿಚಾರಿಸಿ ದಾರಿ ತೆರೆದಿದೆಯೇ ಎಂದು ಖಚಿತಮಾಡಿಕೊಳ್ಳಬೇಕು. ಸ್ಪಿಲ್ ಕಿಟ್, ತಲೆಗೊಂದಷ್ಟು ವ್ಯಾಗ್ ಬ್ಯಾಗ್, ಅಗಲ ಪಟ್ಟಿ, ಗಾಳಿ ತುಂಬುವ ಪಂಪು ಇರಲಿ. ಬಳಸಿದ ಚೀಲ ಊರಿನ ಕಸದ ತೊಟ್ಟಿ ಸಿಗುವವರೆಗೆ ಗಾಡಿಯಲ್ಲೇ ಇರಬೇಕು. ಗಾಡಿ ಇಲ್ಲದವರಿಗೂ ಬೇಸಿಗೆಯ ಶ್ರಮದಾನದ ದಿನಗಳಲ್ಲಿ ಹೋಗುವ ಅವಕಾಶವಿದೆ. ಕೈಗವಸು, ಗಟ್ಟಿ ಬೂಟು ಇದ್ದರೆ ಸಾಕು, ಹಾರೆ ಗುದ್ದಲಿ ಅವರೇ ಕೊಡುತ್ತಾರೆ. ಕೆಲಸ ಶುರುಮಾಡುವ ಮುಂಚೆ ಪುಸ್ತಕದಲ್ಲಿ ಹೆಸರು ಬರೆಯುವುದನ್ನು ಮರೆಯಬಾರದು.